ಎರಡನೇ ಚರಣ ಎಲ್ಲಿ ಹೋಯ್ತು?

ದಕ್ಷಿಣ ಕೊರಿಯಾದ ಸೋಲ್ ನಗರದ ಹೈಬ್, ಎಸ್‌ಎಂ, ಜೆವೈಪಿ, ವೈಜಿ ಮತ್ತು ಉಳಿದೆಲ್ಲ ಸಂಗೀತ ಕಂಪನಿಗಳ ಹಿರಿಯರಿಗೆ, ಅಲ್ಲಿ ಹಾಡು ಬರೆಯುವವರಿಗೆ, ರಾಗ ಹಾಕುವವರಿಗೆ,

ದಾವಣಗೆರೆಯಿಂದ ನಮಸ್ಕಾರ.

ನಾನು ಇಲ್ಲಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಪೋಸ್ಟರ್, ಬಿಲ್ ಬುಕ್ಕು, ಎಲ್ಲಾ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಪಕ್ಕದ ಕೋಣೆಯಲ್ಲಿ ಆಫ್‌ಸೆಟ್ ಮಷಿನ್ ಓಡುತ್ತಿರುತ್ತದೆ. ಆ ಸದ್ದು ತಡೆಯಲಾಗದೆ ಹೆಡ್‌ಫೋನ್ ಹಾಕಿಕೊಳ್ಳಲು ಶುರು ಮಾಡಿದೆ. ಐದಾರು ವರ್ಷದಿಂದ ಅದರಲ್ಲಿ ಜಾಸ್ತಿ ಬರುವುದು ನಿಮ್ಮ ಹಾಡುಗಳೇ, ಕೆ-ಪಾಪ್ ಅಂತ ಕರೆಯುವ ಕೊರಿಯಾದ ಪಾಪ್ ಹಾಡುಗಳು. ದಿನಕ್ಕೆ ಕಡಿಮೆ ಅಂದರೂ ನಾಲ್ಕೈದು ಗಂಟೆ ಕೇಳುತ್ತೇನೆ. ಇಷ್ಟು ಕೇಳಿದವನಿಗೆ ಒಂದು ಪತ್ರ ಬರೆಯುವಷ್ಟು ಸಲಿಗೆ ಇದ್ದೇ ಇರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಒಂದೇ. ನಿಮ್ಮ ಹಾಡುಗಳು ಪೂರ್ತಿ ಆಗುವ ಮೊದಲೇ ಮುಗಿದು ಹೋಗುತ್ತಿವೆ. ದಯವಿಟ್ಟು ಪೂರ್ತಿ ಮಾಡಿ ಕೊಡಿ.

ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಹಾಲ್‌ನಲ್ಲಿ ಗಾಯಕಿ ಜೆನ್ನಿಯ ‘ಲೈಕ್ ಜೆನ್ನಿ’ ಹಾಕಿಕೊಂಡು ಕುಣಿಯುತ್ತಿದ್ದಳು. ನಾನು ಒಳಗೆ ಟೀಗೆ ಹಾಲು ಇಟ್ಟಿದ್ದೆ. ಹಾಲು ಬಿಸಿಯಾಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಬರುವಷ್ಟರಲ್ಲಿ ಹಾಡು ಮುಗಿದೇ ಹೋಯಿತು. ‘ಮಾಮ, ನಿನ್ನ ಫೋನ್ ಅಲ್ಲೇ ಐತಲ್ಲ, ಇನ್ನೊಂದ್ಸಲ ಹಾಕು’ ಅಂದಳು. ಹಾಕಿದೆ. ಅದೂ ಮುಗಿಯಿತು. ಮೂರನೇ ಸಲ ಹಾಕುವಾಗ ಹಾಲು ಉಕ್ಕಿತು. ಎರಡು ನಿಮಿಷ, ಅದರ ಮೇಲೆ ನಾಲ್ಕಾರು ಸೆಕೆಂಡು, ಅಷ್ಟೇ ಆ ಹಾಡು.

ಆ ಹಾಡು ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಚೆನ್ನಾಗಿದೆ. 2025ರ ಮಾರ್ಚ್‌ನಲ್ಲಿ ‘ರೂಬಿ’ ಆಲ್ಬಂ ಬಂದ ದಿನ ರಾತ್ರಿ ಕೂತು ಹದಿನೈದು ಹಾಡನ್ನೂ ಕೇಳಿದೆ. ಈ ಹಾಡು ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆ ಬಡಿತ ಬ್ರೆಜಿಲ್‌ನ ಬೀದಿ ಕುಣಿತದ್ದು. ಅದರ ಮೇಲೆ ಜೆನ್ನಿ ಕೊರಿಯನ್ ಭಾಷೆಯಲ್ಲಿ ರ‍್ಯಾಪ್ ಮಾಡುವ ಭಾಗ ಬರುತ್ತದಲ್ಲ, ಅಲ್ಲಿ ಹಾಡಿಗೆ ನಿಜವಾದ ಖಾರ ಸಿಗುತ್ತದೆ. ಇನ್ನು ಮುಂದೆ ಏನೋ ಇದೆ ಅಂತ ಕಾಯುತ್ತೇನೆ. ಮುಂದೆ ಏನೂ ಇಲ್ಲ. ಎಲೆಗೆ ಅನ್ನ ಬಡಿಸಿ, ಸಾರು ಹಾಕುವ ಮೊದಲೇ ಎಲೆ ಎತ್ತಿದ ಹಾಗೆ ಆಗುತ್ತದೆ.

ಇದು ಒಂದು ಹಾಡಿನ ಮಾತಲ್ಲ. ನ್ಯೂಜೀನ್ಸ್ ಗುಂಪಿನ ‘ಸೂಪರ್ ಶೈ’ 2023ರಲ್ಲಿ ಬಂತು, ಎರಡೂವರೆ ನಿಮಿಷ. ಅದು ಇದ್ದ ‘ಗೆಟ್ ಅಪ್’ ಎಂಬ ಇಪಿಯಲ್ಲಿ, ಅಂದರೆ ಚಿಕ್ಕ ಆಲ್ಬಂನಲ್ಲಿ, ಆರು ಹಾಡು. ಆರೂ ಸೇರಿ ಸುಮಾರು ಹನ್ನೆರಡು ನಿಮಿಷ. ‘ಗೆಟ್ ಅಪ್’ ಅನ್ನುವ ಹಾಡು ಬರೀ 36 ಸೆಕೆಂಡು! ಆ ಮೂವತ್ತಾರು ಸೆಕೆಂಡಿನ ರಾಗ ಎಷ್ಟು ಮುದ್ದಾಗಿದೆ ಅಂದರೆ, ಅದನ್ನು ಬೆಳೆಸಿದ್ದರೆ ಅದೇ ಆ ವರ್ಷದ ಹಾಡಾಗುತ್ತಿತ್ತೇನೋ ಅಂತ ನನಗೆ ಈಗಲೂ ಅನಿಸುತ್ತದೆ. ಕ್ಯಾಟ್ಸ್‌ಐ ಅವರ ‘ನಾರ್ಲಿ’ 2025ರದ್ದು, ಅದೂ ಎರಡೂಕಾಲು ನಿಮಿಷದ ಆಸುಪಾಸು. ಐಲಿಟ್ ಅವರ ಮೊದಲ ಹಾಡು ‘ಮ್ಯಾಗ್ನೆಟಿಕ್’ ಎರಡು ಮುಕ್ಕಾಲು ನಿಮಿಷವನ್ನೂ ದಾಟುವುದಿಲ್ಲ.

ಕಾರಣ ನನಗೆ ಗೊತ್ತಿಲ್ಲದೆ ಇಲ್ಲ. ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ದುಡ್ಡು ಬರುವುದು ಎಷ್ಟು ಸಲ ಕೇಳಿದರು ಅನ್ನುವ ಲೆಕ್ಕದ ಮೇಲೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಹಾಗೆ ಲೆಕ್ಕ. ಎರಡು ನಿಮಿಷದ ಹಾಡಿಗೂ ಒಂದೇ, ಐದು ನಿಮಿಷದ ಹಾಡಿಗೂ ಒಂದೇ. ಹಾಗಿದ್ದ ಮೇಲೆ ಉದ್ದ ಹಾಡು ಯಾಕೆ ಮಾಡಬೇಕು ಅಂತ ಲೆಕ್ಕ ಬರೆಯುವವರು ಕೇಳಿಯೇ ಕೇಳುತ್ತಾರೆ. ಇನ್ನೊಂದು ಕಡೆ ಟಿಕ್‌ಟಾಕ್, ರೀಲ್ಸ್. ಅಲ್ಲಿ ಕುಣಿಯಲು ಬೇಕಾದದ್ದು ಹದಿನೈದು ಸೆಕೆಂಡಿನ ತುಂಡು. ಮೊದಲು ಆ ತುಂಡು ಮಾಡಿ, ಆಮೇಲೆ ಸುತ್ತ ಹಾಡು ಕಟ್ಟಿದ ಹಾಗೆ ಎಷ್ಟೋ ಹಾಡು ಕೇಳಿಸುತ್ತವೆ.

ನನ್ನ ಕೆಲಸದಲ್ಲೂ ಕತ್ತರಿ ಇದೆ. ಲಗ್ನಪತ್ರಿಕೆಯಲ್ಲಿ ಜಾಗ ಸಾಲದೆ ಹೋದಾಗ ‘ಸುಖಾಗಮನ ಬಯಸುವವರು’ ಪಟ್ಟಿಯಿಂದ ಒಂದೆರಡು ಹೆಸರು ತೆಗೆಯಿರಿ ಅಂತ ಮನೆಯವರನ್ನು ಕೇಳುತ್ತೇನೆ. ತೆಗೆಯುವಾಗ ಅವರ ಮುಖ ನೋಡಬೇಕು. ಸೋದರಮಾವನ ಹೆಸರಿನ ಮೇಲೆ ಬೆರಳಿಟ್ಟು ಐದು ನಿಮಿಷ ಸುಮ್ನೆ ಕೂತವರಿದ್ದಾರೆ. ಕಾಗದದಲ್ಲಿ ಜಾಗ ಇರುವುದಿಲ್ಲ, ಅದಕ್ಕೆ ಕತ್ತರಿಸುತ್ತೇವೆ. ಹಾಡಿನಲ್ಲಿ ಜಾಗ ಇತ್ತಲ್ಲ?

ನಿಮ್ಮ ಕತ್ತರಿಗೆ ಮೊದಲು ಸಿಕ್ಕಿದ್ದು ಬ್ರಿಡ್ಜ್. ಎರಡನೇ ಕೋರಸ್ ಆದ ಮೇಲೆ, ಕೊನೆಯ ಕೋರಸ್ ಬರುವ ಮೊದಲು ಸಿಗುತ್ತಿದ್ದ ಆ ತುಂಡು. ಅಲ್ಲಿ ರಾಗ ಬೇರೆ ದಾರಿ ಹಿಡಿಯುತ್ತದೆ. ಡ್ರಮ್ಸ್ ಎಷ್ಟೋ ಸಲ ನಿಂತೇ ಬಿಡುತ್ತದೆ. ಅಷ್ಟು ಹೊತ್ತು ಗುಂಪಾಗಿ ಹಾಡುತ್ತಿದ್ದವರಲ್ಲಿ ಒಬ್ಬರು ಮುಂದೆ ಬಂದು ಒಬ್ಬರೇ ಹಾಡುತ್ತಾರೆ. ಆಮೇಲೆ ಅದೇ ಹಳೆಯ ಕೋರಸ್ ಬಂದರೂ ಅದು ಹಳೆಯದಾಗಿ ಕೇಳಿಸುವುದಿಲ್ಲ.

ನಾವು ಪಲ್ಲವಿ, ಚರಣ ಕೇಳಿಕೊಂಡು ಬೆಳೆದವರು. ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ ಆದ ಮೇಲೆ ವಾದ್ಯ ಬರುತ್ತದೆ, ಆಮೇಲೆ ಚರಣ. ಮತ್ತೆ ಪಲ್ಲವಿ. ಮತ್ತೆ ವಾದ್ಯ, ಈ ಸಲ ಬೇರೆಯದು. ಆಮೇಲೆ ಎರಡನೇ ಚರಣ. ಮೊದಲನೇ ಚರಣದಲ್ಲಿ ಹುಡುಗ ಹುಡುಗಿಯನ್ನು ನೋಡಿರುತ್ತಾನೆ ಅಷ್ಟೇ. ಎರಡನೇ ಚರಣದಲ್ಲಿ ಮನಸ್ಸು ಬಿಚ್ಚುತ್ತಾನೆ. ಮನೆಯಲ್ಲಿ ರೇಡಿಯೊ ಇದ್ದ ಕಾಲದಲ್ಲಿ ವಾರ್ತೆಗೆ ಹೊತ್ತಾಯಿತು ಅಂತ ಎರಡನೇ ಚರಣದ ನಡುವೆ ಹಾಡು ನಿಲ್ಲಿಸಿದರೆ ನಮ್ಮಮ್ಮ ಸೌಟು ಹಿಡಿದುಕೊಂಡೇ ರೇಡಿಯೊ ಕಡೆ ತಿರುಗಿ ನೋಡುತ್ತಿದ್ದರು. ಆ ನೋಟ ನನಗೆ ಇವತ್ತಿಗೂ ನೆನಪಿದೆ. ನಿಮ್ಮ ಹೊಸ ಹಾಡುಗಳನ್ನು ಕೇಳುವಾಗ ನಾನೂ ಹಾಗೇ ತಿರುಗಿ ನೋಡುತ್ತೇನೆ.

ಗಾಯಕಿ ಐಯು ಅವರ ‘ಗುಡ್ ಡೇ’ ನೆನಪು ಮಾಡಿಕೊಳ್ಳಿ. 2010ರ ಡಿಸೆಂಬರ್. ಆಗ ಆಕೆಗೆ ಹದಿನೇಳು ವರ್ಷ. ಹಾಡಿನ ಕೊನೆಯಲ್ಲಿ ಒಂದೇ ಉಸಿರಿನಲ್ಲಿ ಮೂರು ಮೆಟ್ಟಿಲು ಹತ್ತುವ ಆ ಸ್ವರ ಇದೆಯಲ್ಲ, ನಿಮ್ಮ ದೇಶದಲ್ಲಿ ಅದಕ್ಕೊಂದು ಹೆಸರೇ ಇದೆ, ಮೂರು ಹಂತದ ಮೇಲ್ಸ್ವರ ಅಂತ. ಅದನ್ನು ಮಾತ್ರ ಕತ್ತರಿಸಿ ಕೇಳಿಸಿದರೆ ‘ಓಹೋ, ಗಂಟಲು ಚೆನ್ನಾಗಿದೆ’ ಅಂತೀವಿ. ಹಾಡನ್ನು ಮೊದಲಿಂದ ಕೇಳುತ್ತಾ ಬಂದರೆ ಕಣ್ಣು ಒದ್ದೆಯಾಗುತ್ತದೆ. ಯಾಕೆಂದರೆ ಮೂರು ನಿಮಿಷ ಆ ಹುಡುಗಿ ಹೇಳಲಾರದೆ ಒದ್ದಾಡಿರುತ್ತಾಳೆ. ಕಣ್ಣೀರು ಕಾಣಬಾರದು ಅಂತ ತಲೆ ಎತ್ತಿ ಆಕಾಶ ನೋಡಿರುತ್ತಾಳೆ. ಆ ಒದ್ದಾಟ ಕೇಳಿದ ಕಿವಿಗೆ ಆ ಸ್ವರದ ಅರ್ಥ ಆಗುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಎಂಟು ಜನರ ಗುಂಪಿಗೆ ಎರಡೂವರೆ ನಿಮಿಷದ ಹಾಡು ಕೊಟ್ಟರೆ ತಲೆಗೆ 19 ಸೆಕೆಂಡೂ ಬರುವುದಿಲ್ಲ. ಎಷ್ಟೋ ಮಕ್ಕಳು ಹತ್ತು ಹನ್ನೆರಡನೇ ವಯಸ್ಸಿಗೆ ಮನೆ ಬಿಟ್ಟು ಬಂದು ನಿಮ್ಮಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅಷ್ಟು ವರ್ಷದ ಅಭ್ಯಾಸ ಹತ್ತೊಂಬತ್ತು ಸೆಕೆಂಡಿನಲ್ಲಿ ಹಿಡಿಸುತ್ತದಾ? ಎಸ್‌ಎಂನಿಂದ 2025ರ ಫೆಬ್ರುವರಿಯಲ್ಲಿ ಹಾರ್ಟ್ಸ್‌ ಟು ಹಾರ್ಟ್ಸ್ ಅಂತ ಎಂಟು ಹುಡುಗಿಯರ ಗುಂಪು ಬಂತು. ‘ದ ಚೇಸ್’ ನನಗೆ ತುಂಬಾ ಹಿಡಿಸಿತು. ಹೊಸಬರನ್ನು ತರುವಾಗ ಎಲ್ಲರೂ ಜೋರಾಗಿ ಕಿರುಚಿಸುತ್ತಾರೆ, ಇವರನ್ನು ಮಾತ್ರ ಮೆಲ್ಲಗೆ, ಮಂಜಿನೊಳಗಿಂದ ನಡೆಸಿಕೊಂಡು ಬಂದಿರಿ. ಹತ್ತಾರು ಸಲ ಕೇಳಿದೆ. ಆದರೂ ಕಣ್ಣು ಮುಚ್ಚಿ ಕೇಳಿದರೆ ಯಾರ ದನಿ ಯಾರದು ಅಂತ ಇನ್ನೂ ಗುರುತು ಹತ್ತುವುದಿಲ್ಲ. ಗುರುತು ಹತ್ತುವಷ್ಟು ಹೊತ್ತು ಯಾರೂ ಹಾಡುವುದೇ ಇಲ್ಲ.

ಇನ್ನು ಭಾಷೆಯ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೊತ್ತು ಹೇಳುತ್ತೇನೆ, ಯಾಕೆಂದರೆ ಅಕ್ಷರ ಜೋಡಿಸುವುದೇ ನನ್ನ ಹೊಟ್ಟೆಪಾಡು.

ಲಾಕ್‌ಡೌನ್‌ನಲ್ಲಿ ಪ್ರೆಸ್ ಮುಚ್ಚಿತ್ತು. ಮದುವೆಗಳೇ ಇರಲಿಲ್ಲ. ಮನೆಯಲ್ಲಿ ಕೂತು ನಿಮ್ಮ ಹಂಗುಲ್ ಲಿಪಿ ಕಲಿತೆ. ದೊರೆ ಸೆಜೊಂಗ್ ಕಾಲದಲ್ಲಿ, 1443ರಲ್ಲಿ ಹುಟ್ಟಿ 1446ರಲ್ಲಿ ಜನರ ಕೈಗೆ ಬಂದ ಅಕ್ಷರ. ವ್ಯಂಜನ, ಸ್ವರ ಸೇರಿ ಒಂದೇ ಮನೆಯಲ್ಲಿ ಕೂರುತ್ತವೆ, ನಮ್ಮ ಗುಣಿತಾಕ್ಷರದ ಹಾಗೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ, ಅದೂ ನಮ್ಮ ಹಾಗೇ. ಅಪ್ಪನಿಗೆ ‘ಆಪ್ಪಾ’ ಅನ್ನುತ್ತೀರಿ. ದೊಡ್ಡವರ ಹತ್ತಿರ ಮಾತಾಡುವಾಗ ಮಾತಿನ ಕೊನೆಗೆ ‘ಯೊ’ ಸೇರಿಸುತ್ತೀರಿ. ನಮ್ಮ ಕಡೆ ‘ಹೌದ್ರೀ’, ‘ಬರ್ರೀ’ ಅಂತ ‘ರೀ’ ಸೇರಿಸುತ್ತೇವಲ್ಲ, ಹಾಗೆ. ಇದು ಗೊತ್ತಾದ ಮೇಲೆ ‘ಗುಡ್ ಡೇ’ ಮತ್ತೆ ಕೇಳಿದೆ. ತನಗಿಂತ ದೊಡ್ಡ ಹುಡುಗನಿಗೆ ಮನಸ್ಸಿನ ಮಾತು ಹೇಳಲು ಹೊರಟ ಆ ಹುಡುಗಿ ‘ನಾನು’ ಅನ್ನುವುದಕ್ಕೂ ಒಂದು ‘ಯೊ’ ಅಂಟಿಸುತ್ತಾಳೆ. ನಾಚಿಕೆ, ಮರ್ಯಾದೆ, ಪ್ರೀತಿ ಮೂರೂ ಆ ಒಂದು ಅಕ್ಷರದಲ್ಲಿದೆ. ಇಂಗ್ಲಿಷಿಗೆ ಹಾಕಿದರೆ ಆ ಅಕ್ಷರ ಎಲ್ಲಿಗೆ ಹೋಗುತ್ತದೆ? ಅಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ.

ಬಿಟಿಎಸ್‌ನ ‘ಸ್ಪ್ರಿಂಗ್ ಡೇ’ 2017ರ ಫೆಬ್ರುವರಿಯಲ್ಲಿ ಬಂತು. ನಾಲ್ಕೂವರೆ ನಿಮಿಷ. ನಿಮ್ಮ ಹಾಡಿನ ಆ್ಯಪ್ ಮೆಲನ್‌ನ ಪಟ್ಟಿಯಲ್ಲಿ ವರ್ಷಗಟ್ಟಲೆ ಅಲುಗಾಡದೆ ಕೂತಿತ್ತು. ಅದು ಶುರುವಾಗುವುದು ‘ಬೊಗೊ ಶಿಪ್ತಾ’ ಅನ್ನುವ ಮಾತಿನಿಂದ. ಯಾರದೋ ನೆನಪು ತುಂಬಾ ಕಾಡಿದಾಗ ನಿಮ್ಮ ಜನ ದಿನಾ ಆಡುವ ಮಾತದು. ಪದಕ್ಕೆ ಪದ ಹಿಡಿದರೆ ‘ನೋಡಬೇಕು ಅನ್ನಿಸ್ತಿದೆ’. ನಮ್ಮಮ್ಮ ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದಾಗ ಹೇಳುವುದೂ ಇದನ್ನೇ: ‘ನಿನ್ನ ನೋಡ್ಬೇಕು ಅನ್ನಿಸ್ತೈತಪ್ಪ.’ ಅದರ ಅರ್ಥ ತಿಳಿದ ದಿನ ನಾನು ಆ ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ಸೋಲ್‌ಗೂ ದಾವಣಗೆರೆಗೂ ನಡುವೆ ಇಂಗ್ಲಿಷ್ ಬೇಕಾಗಿಯೇ ಇರಲಿಲ್ಲ.

ಹೊರದೇಶದವರಿಗೆ ಅರ್ಥವಾಗಲಿ ಅಂತ ಇಂಗ್ಲಿಷ್ ಜಾಸ್ತಿ ಮಾಡುತ್ತಿದ್ದೀರಿ. 2020ರ ಆಗಸ್ಟ್‌ನಲ್ಲಿ ಬಂದ ಬಿಟಿಎಸ್‌ನ ಪೂರ್ತಿ ಇಂಗ್ಲಿಷಿನ ‘ಡೈನಮೈಟ್’ ಅಮೆರಿಕದ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಸರಿ. ಅದೇ ವರ್ಷ ನವೆಂಬರ್‌ನಲ್ಲಿ ‘ಲೈಫ್ ಗೋಸ್ ಆನ್’ ಬಂತು. ಬಹುಪಾಲು ಕೊರಿಯನ್. ಅದೂ ನೇರವಾಗಿ ಮೊದಲ ಸ್ಥಾನಕ್ಕೇ ಹೋಯಿತು. ಎರಡನೆಯದನ್ನು ಯಾಕೆ ಇಷ್ಟು ಬೇಗ ಮರೆತಿರಿ?

ರೋಸೆ ಮತ್ತು ಬ್ರೂನೊ ಮಾರ್ಸ್ ಅವರ ‘ಅಪಾತು’ 2024ರ ಅಕ್ಟೋಬರ್‌ನಲ್ಲಿ ಬಂದಾಗ ನಮ್ಮ ಬೀದಿಯ ಮಕ್ಕಳೂ ಹಾಡಿದರು. ಮಾತು ಹೆಚ್ಚು ಪಾಲು ಇಂಗ್ಲಿಷೇ. ಆದರೆ ಜನರ ಬಾಯಲ್ಲಿ ಉಳಿದದ್ದು ಯಾವುದು? ಆ ಒಂದು ಕೊರಿಯನ್ ಪದ. ಅಪಾರ್ಟ್‌ಮೆಂಟ್ ಅನ್ನುವುದನ್ನು ನಿಮ್ಮ ನಾಲಿಗೆಗೆ ಬೇಕಾದ ಹಾಗೆ ತಿರುಗಿಸಿಕೊಂಡ ಪದ, ಕೈ ಮೇಲೆ ಕೈ ಇಟ್ಟು ಆಡುವ ನಿಮ್ಮ ಆಟದ ಪದ. 2025ರ ಎಂಟಿವಿ ವಿಡಿಯೊ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಅದು ವರ್ಷದ ಹಾಡಾಯಿತು. ಇನ್ನೊಂದನ್ನೂ ನ್ಯಾಯವಾಗಿ ಹೇಳಬೇಕು. ಅದು ಮೂರು ನಿಮಿಷವೂ ಇಲ್ಲದ ಹಾಡು. ಆದರೂ ಅದರಲ್ಲಿ ಬ್ರಿಡ್ಜ್ ಇದೆ. ಆಟ ಗೊತ್ತಾಯಿತಲ್ಲ, ಸಿದ್ಧವಾ ಅಂತ ಕೇಳಿ ಹಾಡು ಮತ್ತೆ ಮೇಲೇಳುತ್ತದೆ. ಹಾಗಾಗಿ ನಾನು ಬರೀ ಗಡಿಯಾರ ನೋಡಿಕೊಂಡು ಜಗಳ ಆಡುತ್ತಿಲ್ಲ. ಚಿಕ್ಕದಾದರೂ ಪೂರ್ತಿ ಇದ್ದರೆ ನನಗೆ ಸಂತೋಷವೇ.

2025ರ ‘ಗೋಲ್ಡನ್’ ಹಾಡಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದರೂ ನಾಲ್ಕು ಮಾತು. ಕೆ-ಪಾಪ್ ಬಗ್ಗೆ ನೆಟ್‌ಫ್ಲಿಕ್ಸ್‌ಗೆ ಬಂದ ಕಾರ್ಟೂನ್ ಸಿನಿಮಾದ ಹಾಡು, ಹಾಟ್ 100ರ ತುದಿಯಲ್ಲಿ ಎಂಟು ವಾರ ಇತ್ತು. ಹಾಡಿದವರಲ್ಲಿ ಮುಖ್ಯ ದನಿ ಈಜೇ ಅವರದು. ಆ ಹಾಡು ಬರೆದವರಲ್ಲೂ ಅವರಿದ್ದಾರೆ. ಚಿಕ್ಕ ವಯಸ್ಸಿಗೇ ಎಸ್‌ಎಂ ಸೇರಿ ವರ್ಷಗಟ್ಟಲೆ ತರಬೇತಿ ಪಡೆದರೂ ಗಾಯಕಿಯಾಗಿ ವೇದಿಕೆ ಸಿಗದೆ ಹೊರಬಂದವರು. ಆಮೇಲೆ ಬೇರೆಯವರಿಗೆ ಹಾಡು ಬರೆದರು. ರೆಡ್ ವೆಲ್ವೆಟ್‌ನ ‘ಸೈಕೋ’ ಬರೆದವರಲ್ಲಿ ಒಬ್ಬರು. ಬಚ್ಚಿಟ್ಟುಕೊಳ್ಳದೆ ನಿಲ್ಲುತ್ತೇನೆ ಅನ್ನುವ ಹಾಡನ್ನು ಅವರ ದನಿಯಲ್ಲಿ ಕೇಳುವಾಗ ಆ ವರ್ಷಗಳೂ ಕೇಳಿಸುತ್ತವೆ. ಹಾಡು ಮೂರು ನಿಮಿಷ ದಾಟುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿ ಆ ತುದಿಯ ಸ್ವರ ಮುಟ್ಟುತ್ತದೆ. ಮಕ್ಕಳು ಅದನ್ನು ಹಾಡಲು ಹೋಗಿ ಗಂಟಲು ಕಟ್ಟಿಸಿಕೊಂಡರು, ಆದರೂ ಬಿಡಲಿಲ್ಲ. ಕಷ್ಟದ ಹಾಡು ಕೊಟ್ಟರೆ ಮಕ್ಕಳಿಗೆ ಬೇಡ ಅಂತ ಯಾರು ಹೇಳಿದರು ನಿಮಗೆ?

ನಿಮ್ಮ ದೇಶದ ಕೇಳುಗರೇ ಎಷ್ಟು ಸಲ ಇದನ್ನು ನಿಮಗೆ ಹೇಳಿದ್ದಾರೆ! ಗಾಯಕ ವುಡ್ಜ್ ಅವರ ‘ಡ್ರೌನಿಂಗ್’ 2023ರಲ್ಲಿ ಬಂದ ಹಾಡು. ಆಗ ಹೆಚ್ಚು ಜನ ಗಮನಿಸಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅವರು ಸೈನ್ಯದಲ್ಲಿದ್ದಾಗ, ಕೆಬಿಎಸ್ ಟಿವಿಯ ಒಂದು ಕಾರ್ಯಕ್ರಮದಲ್ಲಿ ಸಮವಸ್ತ್ರ ಹಾಕಿಕೊಂಡೇ ಅದನ್ನು ಹಾಡಿದರು. ಕುಣಿತ ಇಲ್ಲ, ಬಣ್ಣದ ಬಟ್ಟೆ ಇಲ್ಲ. ನೆಟ್ಟಗೆ ನಿಂತು ಕೊನೆಯಲ್ಲಿ ಎದೆ ಬಿರಿಯುವ ಹಾಗೆ ಹಾಡಿದರು ಅಷ್ಟೇ. 2025ರಲ್ಲಿ ಅದು ಪಟ್ಟಿಗಳ ತುದಿಗೆ ಹೋಯಿತು. ಡೇ ಸಿಕ್ಸ್ ಬ್ಯಾಂಡ್ ಕೂಡ ಹಾಗೇ. 2017ರ, 2019ರ ಹಾಡುಗಳನ್ನು ಜನ ತಾವೇ ಹುಡುಕಿ ಮತ್ತೆ ಮೇಲೆ ತಂದರು. 2024ರ ಮಾರ್ಚ್‌ನಲ್ಲಿ ಬಂದ ಅವರ ಇಪಿಯಲ್ಲಿ ‘ಹ್ಯಾಪಿ’ ಟೈಟಲ್ ಟ್ರ್ಯಾಕ್, ಅಂದರೆ ಮುಖ್ಯ ಹಾಡು, ಆಗಿರಲಿಲ್ಲ. ಜನ ಅದನ್ನು ತಲೆ ಮೇಲೆ ಹೊತ್ತುಕೊಂಡರು. ಐಯು 2025ರಲ್ಲಿ ಹಾಡಿದ ‘ನೆವರ್ ಎಂಡಿಂಗ್ ಸ್ಟೋರಿ’ 2002ರಲ್ಲಿ ಬೂಹ್ವಾಲ್ ಬ್ಯಾಂಡ್ ಹಾಡಿದ್ದು. ಅದಕ್ಕೂ ಎಷ್ಟೊಂದು ಜನ ಕಿವಿಕೊಟ್ಟರು.

2024ರ ಡಿಸೆಂಬರ್ ನಿಮಗಿಂತ ಚೆನ್ನಾಗಿ ನನಗೆ ಗೊತ್ತಿರಲು ಸಾಧ್ಯವಿಲ್ಲ. ಮೂರನೇ ತಾರೀಖು ರಾತ್ರಿ ನಿಮ್ಮ ಆಗಿನ ಅಧ್ಯಕ್ಷರು ಸೇನಾಡಳಿತ ಸಾರಿದರು. ಸಂಸದರು ಕೆಲವೇ ಗಂಟೆಯಲ್ಲಿ ಅದನ್ನು ತಳ್ಳಿ ಹಾಕಿದರು. ಆಮೇಲೆ ಯೊಯಿದೊದ ಸಂಸತ್ತಿನ ಮುಂದೆ ಚಳಿಯಲ್ಲಿ ಜನ ಸೇರಿದರು. ಹುಡುಗಿಯರು ಮೊಂಬತ್ತಿಯ ಜಾಗಕ್ಕೆ ತಮ್ಮ ಮೆಚ್ಚಿನ ಗುಂಪುಗಳ ಲೈಟ್‌ಸ್ಟಿಕ್, ಅಂದರೆ ಹೊಳೆಯುವ ಕೋಲು, ತಂದಿದ್ದರು. ನಾನು ಆ ವಿಡಿಯೊಗಳನ್ನು ಪ್ರೆಸ್ಸಿನಲ್ಲಿ ಕೂತು ನೋಡಿದೆ. ಎಸ್ಪಾ ಗುಂಪಿನ ‘ವಿಪ್‌ಲ್ಯಾಷ್’ ಬಡಿತಕ್ಕೆ ಘೋಷಣೆ ಕೂಗಿದರು, ಅದು ಆ ವರ್ಷದ್ದೇ ಹಾಡು, ಮೈಯಲ್ಲಿ ಬಿಸಿ ಏರಿಸುವುದಕ್ಕೆ ಬಹಳ ಒಳ್ಳೆಯದು. ಆದರೆ ಎಲ್ಲರೂ ಸೇರಿ ಮೊದಲಿಂದ ಕೊನೆವರೆಗೆ ಹಾಡಿದ್ದು ಗರ್ಲ್ಸ್ ಜನರೇಷನ್‌ನ ‘ಇಂಟು ದ ನ್ಯೂ ವರ್ಲ್ಡ್’. 2007ರ ಹಾಡು. ನಾಲ್ಕು ನಿಮಿಷಕ್ಕೂ ಜಾಸ್ತಿ. ಮಾತು ಕೊರಿಯನ್. 2016ರಲ್ಲಿ ಇವಾ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಪೊಲೀಸರ ಎದುರು ತೋಳಿಗೆ ತೋಳು ಸೇರಿಸಿ ಕೂತು ಹಾಡಿದ್ದೂ ಇದನ್ನೇ. ಒಂದು ವಿಡಿಯೊದಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೈಗವಸಿನಲ್ಲಿ ಲೈಟ್‌ಸ್ಟಿಕ್ ಹಿಡಿದು, ಉಸಿರಿನ ಹೊಗೆ ಬಿಡುತ್ತಾ, ಒಂದು ಪದವನ್ನೂ ಬಿಡದೆ ಹಾಡುತ್ತಿದ್ದಳು. ಆ ಹಾಡು ಬಂದಾಗ ಅವಳು ಅಂಗನವಾಡಿ ವಯಸ್ಸಿನವಳಿರಬೇಕು.

ನೀವು ಈಗ ಮಾಡುತ್ತಿರುವ ಹಾಡುಗಳಲ್ಲಿ ಯಾವುದನ್ನು ಹದಿನೇಳು ವರ್ಷ ಆದ ಮೇಲೆ ಜನ ಹೀಗೆ ಪೂರ್ತಿ ಹಾಡುತ್ತಾರೆ? ನಿಮ್ಮನ್ನು ಚುಚ್ಚಲು ಕೇಳುತ್ತಿಲ್ಲ. ನಿಜವಾಗಿ ಉತ್ತರ ಬೇಕು.

ಆಲ್ಬಂಗಳ ಬಗ್ಗೆ ಒಂದೇ ಮಾತು. ಒಂದೇ ಆಲ್ಬಂ ನಾಲ್ಕು ಥರದ ಪೆಟ್ಟಿಗೆಯಲ್ಲಿ, ಒಳಗೆ ಯಾರ ಚಿತ್ರದ ಫೋಟೊಕಾರ್ಡ್ ಬರುತ್ತದೋ ಗೊತ್ತಿಲ್ಲ. ನಾನು ಒಂದೇ ಒಂದು ತರಿಸಿದೆ, ಕಸ್ಟಮ್ಸ್ ಸೇರಿ ಎರಡು ದಿನದ ಸಂಬಳ ಹೋಯಿತು. ಮುದ್ರಣ ನೋಡಿದರೆ ಕಣ್ಣು ತುಂಬುತ್ತದೆ. ದಪ್ಪ ಕಾಗದ, ಒಳ್ಳೆಯ ಲ್ಯಾಮಿನೇಷನ್, ಬಣ್ಣ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಪುಸ್ತಕಕ್ಕೆ ಅಷ್ಟು ಪುಟ ಕೊಟ್ಟವರು ಹಾಡಿಗೆ ಇನ್ನೊಂದು ನಿಮಿಷ ಕೊಡಬಹುದಿತ್ತು.

ಕೊನೆಗೆ ನನ್ನ ಬೇಡಿಕೆ. ಈಗ ಒಂದು ಹಾಡು ಬಿಟ್ಟರೆ ಅದರ ಜೊತೆಗೆ ವೇಗ ಹೆಚ್ಚಿಸಿದ್ದು, ವೇಗ ಇಳಿಸಿದ್ದು, ಇಂಗ್ಲಿಷಿನದು, ಬರೀ ವಾದ್ಯದ್ದು, ರೀಮಿಕ್ಸ್ ಎಲ್ಲಾ ಬಿಡುತ್ತೀರಿ. ಅದೇ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸೇರಿಸಿ. ಹಾಡು ಬರೆದವರು ಮೊದಲು ಹೇಗೆ ಬರೆದಿದ್ದರೋ ಹಾಗೆ, ಬ್ರಿಡ್ಜ್ ಕತ್ತರಿಸದೆ, ಎರಡನೇ ಚರಣ ಇಟ್ಟುಕೊಂಡು, ಅವರವರ ಮಾತಿನಲ್ಲಿ. ಅದಕ್ಕೆ ಟಿವಿ ಕಾರ್ಯಕ್ರಮ ಬೇಡ, ಚಾಲೆಂಜ್ ಬೇಡ, ಹೊಸ ವಿಡಿಯೊ ಬೇಡ. ಸುಮ್ನೆ ಹಾಕಿಡಿ. ಹುಡುಕಿಕೊಂಡು ಬಂದು ಕೇಳುವವರು ನಾವಿದ್ದೇವೆ. ಒಂದು ವರ್ಷ ಮಾಡಿ ನೋಡಿ, ಎಷ್ಟು ಜನ ಕೇಳಿದರು ಅನ್ನುವ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ.

ಮೊದಲು ‘ಗೆಟ್ ಅಪ್’ನಿಂದ ಶುರು ಮಾಡಬಹುದು. ಆ ಮೂವತ್ತಾರು ಸೆಕೆಂಡು ಆದ ಮೇಲೆ ರಾಗ ಎಲ್ಲಿಗೆ ಹೋಗಬೇಕಿತ್ತು ಅಂತ ಕೇಳಲು ನಾನು 2023ರಿಂದ ಕಾಯುತ್ತಿದ್ದೇನೆ.

ಇಂತಿ,
ದಾವಣಗೆರೆಯ ಒಬ್ಬ ಕೇಳುಗ